ಸಾಹೇಬರ ಕ್ಯಾಬಿನ್ನಿನ ಮುಂದೆ ಹೆಂಗಸರ ಕ್ಯೂ

ಕಳೆದ ವರ್ಷ ಬೇಸಿಗೆಯಲ್ಲಿ ನಮ್ಮ ವತ್ಸಲಾ ಕಾಕು ಪುಣೆಯ ಒಂದು ಬಸ್ ಸ್ಟ್ಯಾಂಡಿನ ದೊಡ್ಡ ಸಾಹೇಬರ ಕ್ಯಾಬಿನ್ನಿಗೆ ಸೀದಾ ನುಗ್ಗಿ, ಕೈಮುಗಿದು, ಒಂದೇ ಒಂದು ಪ್ರಶ್ನೆ ಕೇಳಿದರು.

"ನಿಮ್ಮ ಬಾತ್‌ರೂಮ್ ಎಲ್ಲೆ ಅದ್ರಿ?"

ಸಾಹೇಬರ ಕೈಯಲ್ಲಿದ್ದ ಚಹಾದ ಕಪ್ಪು ಟೇಬಲ್ಲಿಗೂ ಬಾಯಿಗೂ ನಡುವೆ ನಿಂತುಬಿಟ್ಟಿತು. ಕಾಕುವಿನ ಬೆನ್ನ ಹಿಂದೆ ಅವರ ಬ್ಯಾಗು ಹಿಡಿದು ನಿಂತಿದ್ದ ನನಗೆ, ಇಲ್ಲಿಂದ ಮಾಯವಾಗಿಬಿಡಬಾರದೇ ಅನ್ನಿಸಿತು.

(ಹೌದು, ಈ ವಾರ ಇದೇ ವಿಷಯ. ತಿಂಡಿ ತಿನ್ನುತ್ತ ಅಂಕಣ ಓದುವ ಅಭ್ಯಾಸವಿರುವವರು ತಟ್ಟೆ ಖಾಲಿ ಮಾಡಿ ಬನ್ನಿ. ನಾನು ಕಾಯುತ್ತೇನೆ.)

ಯಾವ ಬಸ್ ಸ್ಟ್ಯಾಂಡು ಎಂದು ಕೇಳಬೇಡಿ. ಪುಣೆಯ ನಡುಮಧ್ಯದಲ್ಲಿ ಒಂದಕ್ಕಿಂತ ಹೆಚ್ಚು ಇವೆ. ಸಾಹೇಬರ ಹೆಸರನ್ನೂ ಕೇಳಬೇಡಿ. ಅವರಿಗಿನ್ನೂ ಸರ್ವಿಸ್ ಇದೆ.

ಕಾಕುವಿನ ಬಗ್ಗೆ ಮಾತ್ರ ಎಷ್ಟು ಬೇಕಾದರೂ ಹೇಳುತ್ತೇನೆ. ನನ್ನ ಚಿಕ್ಕಪ್ಪನ ಹೆಂಡತಿ. ಇರುವುದು ಬೆಳಗಾವಿಯಲ್ಲಿ. ವಯಸ್ಸು ಅರವತ್ತೈದು ದಾಟಿದೆ. ದನಿ ಮೆತ್ತಗೆ, ಮಾತು ಖಡಕ್. ಅವರ ತಂಗಿ ಕುಸುಮಾ ಮಾವಶಿ ಇಲ್ಲಿ ಪುಣೆಯ ನಿಗಡಿಯಲ್ಲಿರುತ್ತಾರೆ. ಹೋದ ವರ್ಷದ ಮೊದಲಿಗೆ ಮಾವಶಿ ಬಚ್ಚಲಮನೆಯಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ಆಪರೇಷನ್ ಆಯಿತು. ಮಗ, ಸೊಸೆ ಇಬ್ಬರೂ ಚಾಕಣದಲ್ಲಿ ಕೆಲಸಕ್ಕಿದ್ದಾರೆ, ಬೆಳಿಗ್ಗೆ ಹೋದರೆ ಬರುವುದು ಸಂಜೆ. ದಿನವಿಡೀ ಗೋಡೆ ನೋಡುತ್ತ ಮಲಗುವ ತಂಗಿಯ ಹತ್ತಿರ ಕೂತು, ಎರಡು ಮಾತಾಡಿ, ಬಿಸಿ ಅನ್ನ ಮಾಡಿ ಬಡಿಸಬೇಕೆಂದು ಕಾಕು ತಿಂಗಳಿಗೊಮ್ಮೆ ಬಸ್ಸು ಹತ್ತಿ ಬರತೊಡಗಿದರು. ವಾಪಸ್ ಹೋಗುವ ಮುನ್ನ ಧನಕವಡಿಯಲ್ಲಿರುವ ನಮ್ಮ ಮನೆಯಲ್ಲಿ ಒಂದು ದಿನ ಇದ್ದು ಹೋಗುವುದು ವಾಡಿಕೆಯಾಯಿತು.

ಎಲ್ಲ ಚೆನ್ನಾಗಿತ್ತು. ಆದರೆ ಕಾಕು ಬಸ್ಸಿನಲ್ಲಿ ನೀರು ಕುಡಿಯುತ್ತಿರಲಿಲ್ಲ.

ಇದರಲ್ಲಿ ಹೊಸದೇನಿದೆ? ನಮ್ಮಲ್ಲಿ ಯಾವ ಹೆಂಗಸು ಕುಡಿಯುತ್ತಾಳೆ? ದೂರದ ಬಸ್ ಪ್ರಯಾಣವೆಂದರೆ ನಮ್ಮ ತಯಾರಿ ಹಿಂದಿನ ದಿನವೇ ಶುರುವಾಗುತ್ತದೆ. ಮಜ್ಜಿಗೆ ಬಂದ್. ಬೆಳಿಗ್ಗೆ ಚಹಾ ಅರ್ಧ ಕಪ್. ಬ್ಯಾಗಿನಲ್ಲಿ ನೀರಿನ ಬಾಟಲಿ ಇರುತ್ತದೆ, ಆದರೆ ಅದು ಗಂಡನಿಗೆ ಮತ್ತು ಮಕ್ಕಳಿಗೆ. ಕಿಟಕಿಯಿಂದ ಬಿಸಿಗಾಳಿ ಹೊಡೆಯುತ್ತಿರುತ್ತದೆ, ನಾಲಿಗೆ ಅಂಗುಳಕ್ಕೆ ಅಂಟಿಕೊಂಡಿರುತ್ತದೆ, ನಾವು ಮಾತ್ರ ದೇವರ ಧ್ಯಾನದಲ್ಲಿರುವವರಂತೆ ಕಣ್ಣು ಮುಚ್ಚಿ ಕೂತಿರುತ್ತೇವೆ. ಯಾರೂ ಕಲಿಸಿದ್ದಲ್ಲ. ಎಲ್ಲರಿಗೂ ಬರುತ್ತದೆ.

ಹೀಗೆ ಬಂದು ಹೋಗಿ ಕಾಕುವಿಗೆ ಇನ್ಫೆಕ್ಷನ್ ಆಯಿತು. ಚಳಿಜ್ವರ, ನೋವು, ಆಸ್ಪತ್ರೆ. ಬೆಳಗಾವಿಯ ಡಾಕ್ಟರು ಔಷಧಿ ಕೊಟ್ಟು ಗದರಿದರು. "ಅಮ್ಮಾರ, ನೀರು ಭಾಳ ಕುಡೀಬೇಕ್ರಿ. ತಡಕೊಂಡು ಕೂಡೂದು ಬ್ಯಾಡ. ಅದು ಆಗಂಗಿಲ್ಲ ಅಂದ್ರ ಪ್ರವಾಸ ಬಿಟ್ಟಬಿಡ್ರಿ. ಮತ್ತ ಮತ್ತ ಹಿಂಗಾದ್ರ ಕಿಡ್ನಿಗೆ ಬರ್ತದ."

ಪ್ರವಾಸ ಬಿಟ್ಟರೆ ಕುಸುಮಾಳನ್ನು ನೋಡುವವರು ಯಾರು?

ಕಾಕು ಒಂದು ತಿಂಗಳು ಸುಮ್ಮನಿದ್ದರು. ಆಮೇಲೆ ನೀರಿನ ಬಾಟಲಿ ಹಿಡಿದು ಬಂದೇ ಬಿಟ್ಟರು. ಬರುವಾಗ ಹೇಗೋ ನಿಭಾಯಿಸಿದರು. ಹೋಗುವ ದಿನ ಬೆಳಿಗ್ಗೆ ಅವರನ್ನು ಬಿಡಲು ನಾನೇ ಸ್ಟ್ಯಾಂಡಿಗೆ ಹೋದೆ. ಆಫೀಸಿಗೆ ಹಾಫ್ ಡೇ ಹಾಕಿದ್ದೆ. ಘಾಟಿನಲ್ಲಿ ಲಾರಿಯೊಂದು ಕೆಟ್ಟು ನಿಂತಿದೆ, ಬೆಳಗಾವಿ ಗಾಡಿ ಯಾವಾಗ ಬರುತ್ತದೋ ಹೇಳಲಾಗದು ಎಂದಿತು ಎನ್‌ಕ್ವಾಯರಿ ಕಿಟಕಿ.

ಕಾದೆವು. ಕಾಕು ಡಾಕ್ಟರ ಮಾತಿನಂತೆ ಗುಟುಕು ಗುಟುಕಾಗಿ ನೀರು ಕುಡಿಯುತ್ತಿದ್ದರು. ಪರಿಣಾಮ ಏನಾಗಬೇಕೋ ಅದೇ ಆಯಿತು.

"ಮಾಲೂ, ಇಲ್ಲೆ ಎಲ್ಲೆರೆ ಅದ ಏನು ನೋಡು."

ನೋಡಿದೆ. ಸ್ಟ್ಯಾಂಡಿನ ಮೂಲೆಯಲ್ಲಿ ಶೌಚಾಲಯದ ಕಟ್ಟಡವಿತ್ತು. ಗಂಡಸರ ಕಡೆಯದು ತೆರೆದಿತ್ತು, ಅದರ ಇರವು ಇಷ್ಟು ದೂರದಿಂದಲೇ ಮೂಗಿಗೆ ತಿಳಿಯುತ್ತಿತ್ತು. ಹೆಂಗಸರ ಕಡೆಗೆ ಬೀಗ. ಬೀಗಕ್ಕೆ ತುಕ್ಕು. ಬಾಗಿಲ ಮುಂದೆ ಮುರಿದ ಬೆಂಚುಗಳ ರಾಶಿ.

ರಸ್ತೆ ದಾಟಿ ಎದುರಿನ ಹೋಟೆಲ್ಲಿಗೆ ಹೋದೆವು. ಗಿರಾಕಿಗಳಿಗೆ ಮಾತ್ರ ಎಂದರು. ಸರಿ, ಗಿರಾಕಿಯಾಗೋಣ ಎಂದು ಕಾಕು ಚಹಾ ಹೇಳಿದರು. ಚಹಾ ಬಂದ ಮೇಲೆ ಕೇಳಿದರೆ, ಲೇಡೀಸಿಗೆ ಇಲ್ಲ ಎಂದರು! ಇದನ್ನು ಮೊದಲೇ ಹೇಳಿದ್ದರೆ ಅವರ ಗಂಟೇನು ಹೋಗುತ್ತಿತ್ತು?

ಸ್ಟ್ಯಾಂಡಿಗೆ ಮರಳಿದೆವು. ರಿಕ್ಷಾ ಮಾಡಿ ಮನೆಗೇ ಹೋಗಿ ಬರೋಣ ಎಂದೆ. ಅಷ್ಟರಲ್ಲಿ ಬಸ್ಸು ಬಂದು ಹೋಗಿಬಿಟ್ಟರೆ? ಕಾಕುವಿನ ಹಣೆಯ ಮೇಲೆ ಬೆವರು ಮೂಡಿತ್ತು. ಜ್ವರದಿಂದ ಎದ್ದ ದೇಹ. ಅವರು ಒಂದು ಕೈಯಲ್ಲಿ ಕಂಬ ಹಿಡಿದು ನಿಂತಿದ್ದರು. ನನಗೆ ನಿಜವಾಗಿಯೂ ಅಳು ಬರುವಂತಾಯಿತು.

ಆಗ ಅವರ ಕಣ್ಣಿಗೆ ಸಾಹೇಬರ ಕ್ಯಾಬಿನ್ ಬಿತ್ತು.

"ಏ ಮಾಲೂ, ಈ ಸಾಹೇಬರು ಮುಂಜಾನಿಂದ ಸಂಜಿತನಕಾ ಇಲ್ಲೇ ಕೂಡ್ತಾರಲ್ಲ. ಅವರೂ ನಮ್ಮಂಗ ನೀರು ಕುಡಿಯೂದಿಲ್ಲೇನು?"

"ಕಾಕು, ಬ್ಯಾಡ್ರಿ..."

ನನ್ನ ಮಾತು ಮುಗಿಯುವ ಮೊದಲೇ ಅವರು ಹೊರಟಾಗಿತ್ತು. ಬಾಗಿಲಲ್ಲಿದ್ದ ಸಿಪಾಯಿ ತಡೆಯುವ ಮೊದಲೇ ಒಳಗೆ ಹೊಕ್ಕಾಗಿತ್ತು. ಮುಂದಿನದನ್ನು ನಿಮಗೆ ಆಗಲೇ ಹೇಳಿದೆ.

(ಕ್ಯಾಬಿನ್ನಿನೊಳಗೆ ಮಾತೆಲ್ಲ ನಡೆದದ್ದು ಮರಾಠಿಯಲ್ಲಿ. ಬೆಳಗಾವಿಯವರಿಗೆ ಅದನ್ನು ಹೇಳಿಕೊಡಬೇಕೇ? ನಿಮಗಾಗಿ ನಮ್ಮ ಕನ್ನಡದಲ್ಲಿ ಬರೆಯುತ್ತಿದ್ದೇನೆ.)

ಸಾಹೇಬರು ತಮ್ಮ ಕುರ್ಚಿಯ ಹಿಂದಿದ್ದ ಬಾಗಿಲಿನತ್ತ ಕೈ ತೋರಿಸಿದರು. ಕಾಕು ಹೋದರು. ಸಾಹೇಬರು ನನ್ನನ್ನು ನೋಡಿದರು. ನಾನು ಗೋಡೆಯ ಕ್ಯಾಲೆಂಡರ್ ನೋಡಿದೆ.

ಕಾಕು ಮುಖ ತೊಳೆದುಕೊಂಡು, ಸೆರಗಿನಿಂದ ಒರೆಸಿಕೊಳ್ಳುತ್ತ ಹೊರಬಂದರು. ಜೀವ ಮರಳಿ ಬಂದಂತಿತ್ತು. ಯಾರೂ ಹೇಳದೆ ಎದುರಿನ ಕುರ್ಚಿಯಲ್ಲಿ ಕೂತರು.

"ಭಾಳ ಉಪಕಾರ ಆತ್ರಿ, ಸಾಹೇಬ್ರ."

"ಅಲ್ಲ ಆಜೀ, ಹೊರಗ ಪಬ್ಲಿಕ್‌ಗೆ ಅಂತ ಕಟ್ಟಿಸೀವಲ್ಲ?"

"ಕಟ್ಟಿಸಿ ಕೀಲಿ ಹಾಕೀರಿ."

"ಏನು ಮಾಡೂದ್ರಿ, ಆ ಲೈನಿಗೆ ನೀರಿಲ್ಲ. ನೀರಿಲ್ಲದ ಮ್ಯಾಲೆ ತಗದಿಟ್ರ ಹೊಲಸಾಗ್ತದ. ಅದಕ್ಕ ಬಂದ್."

ಕಾಕು ಕಿಟಕಿಯ ಕಡೆ ನೋಡಿದರು. ಹೊರಗೆ ಅಂಗಳದಲ್ಲಿ ಒಬ್ಬ ದಪ್ಪ ಪೈಪು ಹಿಡಿದು ಬಸ್ಸೊಂದಕ್ಕೆ ಸ್ನಾನ ಮಾಡಿಸುತ್ತಿದ್ದ. ನೀರು ಟಯರಿನಿಂದ ಇಳಿದು ಗಟಾರಿನವರೆಗೆ ಹರಿಯುತ್ತಿತ್ತು.

"ಅದು ನೀರಲ್ಲೇನ್ರಿ?"

ಸಾಹೇಬರು ಕಿಟಕಿ ನೋಡಿದರು. ಕಾಕುವನ್ನು ನೋಡಿದರು.

ಅಷ್ಟರಲ್ಲಿ ತೆರೆದ ಬಾಗಿಲಿನಿಂದ ಒಬ್ಬಳು ಇಣುಕಿದಳು. ಸಣ್ಣ ವಯಸ್ಸು, ಹೆಗಲ ಮೇಲೆ ಕೂಸು. ಒದ್ದೆ ಮುಖದ ಕಾಕುವನ್ನು ನೋಡಿ ಅವಳಿಗೆ ವಿಷಯ ಅರ್ಥವಾಗಿತ್ತು. ಸಣ್ಣ ದನಿಯಲ್ಲಿ, "ಇಲ್ಲಿ ಅದ ಏನ್ರಿ?" ಎಂದಳು.

"ಅದ, ಅದ. ಕೂಸು ಇತ್ತ ಕೊಡು, ನೀ ಹೋಗಿ ಬಾ."

ಅನುಮತಿ ಕೊಟ್ಟದ್ದು ಕಾಕು. ಸಾಹೇಬರಲ್ಲ.

ಅವಳ ಹಿಂದೆ ಕಾಲೇಜು ಹುಡುಗಿಯೊಬ್ಬಳು ಬಂದಳು. ಅವಳ ಹಿಂದೆ ಹೂವಿನ ಬುಟ್ಟಿಯ ಇಬ್ಬರು. ಅವರ ಹಿಂದೆ ದೊಡ್ಡ ಕುಂಕುಮದ ಅಜ್ಜಿಯೊಬ್ಬರು. ಸುದ್ದಿ ಇಷ್ಟು ಬೇಗ ಹೇಗೆ ಹರಡುತ್ತದೆ ಹೇಳಿ? ನೋಡುನೋಡುತ್ತಿದ್ದಂತೆ ಸಾಹೇಬರ ಕ್ಯಾಬಿನ್ನಿನ ಮುಂದೆ ಹೆಂಗಸರ ಕ್ಯೂ ನಿಂತಿತು. ಗದ್ದಲವಿಲ್ಲ, ಘೋಷಣೆಯಿಲ್ಲ. ಎಲ್ಲರ ಮುಖದಲ್ಲೂ ಒಂದೇ ಭಾವ, ಅವಸರ. ಸಿಪಾಯಿ ತಲೆ ಕೆರೆದುಕೊಳ್ಳುತ್ತ, "ಸಾಹೇಬ, ಇದೇನ್ರಿ ಇದು?" ಎಂದ. ಸಾಹೇಬರು ಎದ್ದು, ಫೈಲು ಬಗಲಿಗಿಟ್ಟುಕೊಂಡು, ತಮ್ಮದೇ ಕ್ಯಾಬಿನ್ನಿನಿಂದ ವರಾಂಡಕ್ಕೆ ಹೋಗಿ ನಿಂತರು. ಮುಖ ಗಂಟಿಕ್ಕಿತ್ತು.

ಅಷ್ಟರಲ್ಲಿ ಬೆಳಗಾವಿ ಗಾಡಿ ಬಂತು. ಕಾಕು ಹತ್ತುವ ಮುಂಚೆ ವರಾಂಡದತ್ತ ತಿರುಗಿ, "ಮುಂದಿನ ತಿಂಗಳು ಬರ್ತೀನ್ರಿ ಸಾಹೇಬ್ರ," ಎಂದು ಕೈಬೀಸಿದರು. ಅದು ವಿದಾಯವೋ ಎಚ್ಚರಿಕೆಯೋ, ನನಗಿನ್ನೂ ಗೊತ್ತಾಗಿಲ್ಲ.

ಸತ್ಯ ಹೇಳಲೇ? ಮರುದಿನವೇ ಆ ಕ್ಯಾಬಿನ್ನಿಗೆ ಕಾವಲು ಹಾಕಿರುತ್ತಾರೆ, "ಸಾರ್ವಜನಿಕರಿಗೆ ಪ್ರವೇಶವಿಲ್ಲ" ಎಂಬ ಬೋರ್ಡು ಬಿದ್ದಿರುತ್ತದೆ ಎಂದೇ ನಾನು ಅಂದುಕೊಂಡಿದ್ದೆ. ನಾನು ಆಫೀಸಿಗೆ ಹೋಗುವಾಗ ಸಿಟಿ ಬಸ್ಸು ಬದಲಿಸುವುದು ಆ ಸ್ಟ್ಯಾಂಡಿನ ಮುಂದೆಯೇ. ಕೆಲವು ದಿನ ಕಳೆದ ಮೇಲೆ ಕುತೂಹಲ ತಡೆಯಲಾರದೆ ಒಳಗೆ ಹೋಗಿ ನೋಡಿದೆ.

ಬೋರ್ಡೇನೋ ಬಿದ್ದಿತ್ತು. ರಟ್ಟಿನ ಮೇಲೆ ಕೆಂಪು ಶಾಯಿಯಲ್ಲಿ, ಮರಾಠಿಯಲ್ಲಿ: "ಮಹಿಳೆಯರು ಹಿಂಬಾಗಿಲಿನಿಂದ ಬರಬೇಕು."

ಸಾಹೇಬರ ಬಾತ್‌ರೂಮಿಗೆ ಅಂಗಳದ ಕಡೆಗೆ ಇನ್ನೊಂದು ಬಾಗಿಲಿತ್ತಂತೆ, ಕಸ ಗುಡಿಸುವವರಿಗಾಗಿ. ಅದನ್ನು ತೆಗೆಸಿದ್ದರು. ಕ್ಯಾಬಿನ್ನಿನ ಕಡೆಯ ಬಾಗಿಲಿಗೆ ಚಿಲಕ ಹಾಕಿದ್ದರು. ಹೆಂಗಸರಿಗೆ ಜಾಗವಾಯಿತು, ಸಾಹೇಬರಿಗೆ ಹೋಯಿತು.

ಮುಂದಿನ ತಿಂಗಳು ಕಾಕು ಬಂದಾಗ ನಾವಿಬ್ಬರೂ ಥ್ಯಾಂಕ್ಸ್ ಹೇಳಲು ಕ್ಯಾಬಿನ್ನಿಗೆ ಹೋದೆವು. ಸಾಹೇಬರು ಕೂಡಿಸಿದರು. ಚಹಾ ತರಿಸಿದರು. ಆಮೇಲೆ ತಮ್ಮ ಕಷ್ಟ ಹೇಳಿಕೊಂಡರು.

"ಆಜೀ, ನಿಮ್ಮಿಂದ ನನ್ನ ಗತಿ ಏನಾಗೇದ ಕೇಳ್ರಿ. ಯಾವಾಗ ನೋಡಿದ್ರೂ ಒಳಗ ಯಾರರೆ ಇರ್ತಾರ. ನಾನೂ ಮನಷ್ಯಾ ಅಲ್ಲೇನ್ರಿ? ಎಲ್ಲಿ ಹೋಗ್ಲಿ? ಮೂಲ್ಯಾಗಿಂದು ಗಂಡಸರದು ಅದ ಅಲ್ಲ, ಅಲ್ಲೇ ಹೋದೆ."

"ಹ್ಯಾಂಗ ಅದರಿ?" ಎಂದರು ಕಾಕು, ಏನೂ ತಿಳಿಯದವರಂತೆ.

ಸಾಹೇಬರು ಕಣ್ಣು ಮುಚ್ಚಿ ತಲೆಯಲ್ಲಾಡಿಸಿದರು. "ಕೇಳಬ್ಯಾಡ್ರಿ. ಈ ಸ್ಟ್ಯಾಂಡಿನ್ಯಾಗ ಇಷ್ಟು ವರ್ಷ ಕೂತೀನಿ, ಒಂದು ಸಲಾನೂ ಆ ಕಡೆ ಕಾಲಿಟ್ಟಿದ್ದಿಲ್ಲ."

ನನಗೊಂದು ಅನುಮಾನವಿತ್ತು, ಕೇಳಿಯೇಬಿಟ್ಟೆ. "ನಿಮ್ಮ ಬಾಗಿಲು ನೀವು ಮತ್ತೆ ಬಂದ್ ಮಾಡಿಕೊಳ್ಳಬಹುದಿತ್ತಲ್ಲ ಸರ್? ಯಾಕೆ ಮಾಡಲಿಲ್ಲ?"

ಸಾಹೇಬರು ಚಹಾದ ಕಪ್ಪನ್ನು ಕೆಳಗಿಟ್ಟರು.

"ಬಂದ್ ಮಾಡಬೇಕಂತನ ಇದ್ದೆರಿ. ಅವತ್ತ ಮನಿಗೆ ಹೋಗಿ ನಮ್ಮಾಕಿ ಮುಂದ ಎಲ್ಲಾ ಹೇಳಿದೆ. ನೋಡು, ಹಿಂಗೊಬ್ಬ ಮುದುಕಿ ಬಂದು ನನ್ನ ಮರ್ಯಾದಿ ತಗದ್ಲು ಅಂತ. ಆಕಿ ನಗಲಿಲ್ಲರಿ. ಸುಮ್ಮನ ಅಂದ್ಲು, ನಾ ತವರಿಗೆ ಬಸ್ಸಿನ್ಯಾಗ ಹೋಗೂದು ಇದ್ದಾಗ ಮುಂಜಾನಿಂದ ಒಂದು ಗುಟುಕು ನೀರು ಕುಡಿಯೂದಿಲ್ಲ, ಲಗ್ನ ಆದಾಗಿಂದ ಹಿಂಗs. ನೀವು ಬಸ್ಸಿನ ಸಾಹೇಬರು, ನಿಮಗ ಗೊತ್ತದ ಏನು ಅಂತ. ನನಗ ಗೊತ್ತಿದ್ದಿಲ್ಲರಿ."

ಕಾಕು ಮೆತ್ತಗೆ ಹೇಳಿದರು. "ನಿಮಗ ಹ್ಯಾಂಗ ಗೊತ್ತಾಗಬೇಕ್ರಿ? ನಾವು ಯಾರಿಗೂ ಹೇಳೂದಿಲ್ಲಲ್ಲ."

ಅಲ್ಲಿಂದ ಕೆಲಸ ಶುರುವಾಯಿತು. ಒಂದೇ ಏಟಿಗೆ ಆಗಿಬಿಟ್ಟಿತು ಎಂದು ಬರೆಯಲು ನನಗೂ ಆಸೆ. ಹಾಗಾಗಲಿಲ್ಲ. ಬಸ್ಸು ತೊಳೆಯುವ ಲೈನಿನಿಂದ ಶೌಚಾಲಯಕ್ಕೆ ಪೈಪು ಎಳೆಯಲು ಮೇಲಿನವರ ಒಪ್ಪಿಗೆ ಬೇಕು. ಮೇಲಿನವರಿಗೆ ಅವರ ಮೇಲಿನವರ ಒಪ್ಪಿಗೆ ಬೇಕು. ಒಪ್ಪಿಗೆ ಬರುವ ಹೊತ್ತಿಗೆ ಮಳೆಗಾಲ ಬಂತು, ಅಂಗಳ ಅಗೆಯುವಂತಿಲ್ಲ. ಮಳೆ ನಿಂತ ಮೇಲೆ ಪ್ಲಂಬರ್ ಸಿಗಲಿಲ್ಲ. ಒಂದು ಹಂತದಲ್ಲಿ ಯಾರೋ, ಸಾಹೇಬರು ಸರಕಾರಿ ಕ್ಯಾಬಿನ್ನನ್ನು ಧರ್ಮಛತ್ರ ಮಾಡಿದ್ದಾರೆ ಎಂದು ಮೇಲಕ್ಕೆ ಚಾಡಿ ಹೇಳಿದರಂತೆ. ಸಾಹೇಬರು ಒಬ್ಬರೇ ಹೋಗಿ ಉತ್ತರ ಕೊಟ್ಟು ಬಂದರು. ಏನು ಉತ್ತರ ಕೊಟ್ಟರೋ ಹೇಳಲಿಲ್ಲ. ರಟ್ಟಿನ ಬೋರ್ಡು ಮಾತ್ರ ಇಳಿಯಲಿಲ್ಲ.

ಈ ನಡುವೆ ಕಾಕು ಪ್ರತಿ ತಿಂಗಳೂ ಬಂದರು, ಪ್ರತಿ ಸಲವೂ ಕೆಲಸ ಎಲ್ಲಿಗೆ ಬಂತೆಂದು ನೋಡಿದರು. ಗೋಡೆಗೆ ಟೈಲ್ಸ್ ಹಚ್ಚುವ ಗೌಂಡಿಯ ಹಿಂದೆ ನಿಂತು ಅವರು ಕೇಳಿದ್ದು ಇಷ್ಟೇ.

"ಮೊಳಿ ಎಲ್ಲೆ ಅದ?"

"ಯಾವ ಮೊಳಿ ಆಜೀ?"

"ಬ್ಯಾಗ್ ಎಲ್ಲೆ ತೂಗಹಾಕಬೇಕು? ಒಳಗ ಹೋದಾಕಿ ಪರ್ಸ್ ಎಲ್ಲೆ ಇಡಬೇಕು? ಹೆಗಲಿಗೆ ಬ್ಯಾಗು, ಕೈಯಾಗ ಸೀರಿ, ಹಲ್ಲಾಗ ಪರ್ಸು ಹಿಡಕೋಬೇಕೇನು?"

ಗೌಂಡಿ ನಕ್ಕ. ಮೊಳೆ ಹೊಡೆದ. ಎಲ್ಲ ಬಾಗಿಲಿಗೂ ಒಳಗಿನಿಂದ ಚಿಲಕ ಬಂತು. ಲೈಟು ಬಂತು. "ನನ್ನ ತಂಗಿಯಂಥಾಕಿ ಕೂತು ಏಳಬೇಕಂದ್ರ ಏನು ಹಿಡೀಬೇಕು?" ಎಂದದ್ದಕ್ಕೆ ಒಂದು ಕಡೆ ಗೋಡೆಗೆ ಗಟ್ಟಿಯಾದ ಕಬ್ಬಿಣದ ಹಿಡಿಕೆಯೂ ಬಂತು. ಗುಡಿಸಲು ತೊಳೆಯಲು ಒಬ್ಬ ಹೆಂಗಸನ್ನು ನೇಮಿಸಿದರು, ಅದಕ್ಕೂ ಸಾಹೇಬರು ಜಗಳಾಡಬೇಕಾಯಿತು. ಗಂಡಸರ ಕಡೆಯದೂ ಸುಧಾರಿಸಿತು. (ಸಾಹೇಬರೂ ಅಲ್ಲಿಗೇ ಹೋಗುತ್ತಿದ್ದರಲ್ಲ!)

ಉದ್ಘಾಟನೆ, ಹಾರ, ರಿಬ್ಬನ್ ಯಾವುದೂ ಇರಲಿಲ್ಲ. ಒಂದು ದಿನ ಬೀಗ ತೆಗೆದರು. ಅಷ್ಟೇ.

ನಾನು ಎಸ್‌ಟಿಡಿ ಬೂತಿನಿಂದ ಬೆಳಗಾವಿಗೆ ಫೋನ್ ಮಾಡಿ ಹೇಳಿದೆ. ಆ ಕಡೆಯಿಂದ ಕಾಕುವಿನ ದನಿ: "ಛೊಲೊ ಆತು ನೋಡು. ಇನ್ನ ಆ ಸಾಹೇಬರ ಬಾತ್‌ರೂಮ್ ಅವರಿಗೆ ತಿರುಗಿ ಸಿಕ್ತು, ಪಾಪ."

ಈಗ ಪುಣೆಯಲ್ಲಿ ಎಲ್ಲಿ ನೋಡಿದರೂ ಸುಧಾರಣೆಯ ಮಾತು. ಫ್ಲೈಓವರ್ ಬರುತ್ತದಂತೆ. ಗಾಜಿನ ಬಸ್ ಸ್ಟಾಪು ಬರುತ್ತದಂತೆ. ಬಸ್ಸು ಎಷ್ಟು ಹೊತ್ತಿಗೆ ಎಂದು ಕೆಂಪು ಅಕ್ಷರದಲ್ಲಿ ಓಡಿಸುವ ಬೋರ್ಡು ಬರುತ್ತದಂತೆ. ಬರಲಿ, ಯಾರು ಬೇಡ ಅಂದರು? ಖಾಸಗಿ ಲಕ್ಷುರಿ ಕೋಚಿನಲ್ಲಿ ಈಗಲೇ ವಿಡಿಯೋ ಇದೆ, ಹಿಂದಕ್ಕೆ ಬಾಗುವ ಸೀಟಿದೆ, ಕಿಟಕಿಗೆ ಪರದೆಯಿದೆ. ಆದರೆ ಅದನ್ನು ಹತ್ತಲು ಕಾಯುವುದು ಎಲ್ಲಿ? ಪೆಟ್ರೋಲ್ ಪಂಪಿನ ಪಕ್ಕ, ಸೂಟ್‌ಕೇಸಿನ ಮೇಲೆ ಕೂತು, ಧೂಳು ಕುಡಿಯುತ್ತ. ಮೂರು ತಾಸು ಸಿನಿಮಾ ತೋರಿಸುವ ಬಸ್ಸಿನವರಿಗೆ ದಾರಿಯಲ್ಲಿ ಹೆಂಗಸರು ಇಳಿಯುವಂಥ ಒಂದು ಜಾಗ ನೋಡಿ ಗಾಡಿ ನಿಲ್ಲಿಸಬೇಕೆಂದು ಹೊಳೆಯುವುದಿಲ್ಲ. ಕೆಟ್ಟವರೇ ಅವರು? ಅಲ್ಲ. ಅವರಿಗೂ ಯಾರೂ ಹೇಳಿರಲಿಕ್ಕಿಲ್ಲ.

ನಾವಾದರೂ ಹೇಗೆ ಹೇಳುತ್ತೇವೆ? ಬಸ್ಸು ಲೇಟಾದರೆ ಕೂಗಾಡುತ್ತೇವೆ. ಸೀಟು ಸಿಗದಿದ್ದರೆ ಕಂಡಕ್ಟರ್ ಜೊತೆ ಜಗಳಕ್ಕಿಳಿಯುತ್ತೇವೆ. ಚಿಲ್ಲರೆಗೂ ಜಗಳ. ಇದೊಂದು ವಿಷಯಕ್ಕೆ ಮಾತ್ರ ಹಲ್ಲು ಕಚ್ಚಿ ಸುಮ್ಮನಿರುತ್ತೇವೆ. ಮರ್ಯಾದೆ! ಆಸ್ಪತ್ರೆಯ ಮಂಚದ ಮೇಲೆ ಮಲಗುವುದು ನಡೆಯುತ್ತದೆ, ಬಾಯಿಬಿಟ್ಟು ಕೇಳುವುದು ನಡೆಯುವುದಿಲ್ಲ.

ಇಷ್ಟೆಲ್ಲ ಈಗ ಯಾಕೆ ನೆನಪಾಯಿತೆಂದರೆ, ಮೊನ್ನೆ ನಾಗರಪಂಚಮಿಯ ಮುಂಚೆ ಕುಸುಮಾ ಮಾವಶಿ ಬೆಳಗಾವಿಗೆ ಹೊರಟರು. ಬಸ್ಸಿನಲ್ಲಿ!

ಸೊಂಟ ಮುರಿದ ಮೇಲೆ ಅವರು ನಿಗಡಿಯ ಮನೆ ಬಿಟ್ಟು ಆಸ್ಪತ್ರೆಗಲ್ಲದೆ ಬೇರೆಲ್ಲೂ ಹೋದವರಲ್ಲ. ಈಗ ವಾಕರ್ ಹಿಡಿದು ನಡೆಯುತ್ತಾರೆ. ಅಕ್ಕನ ಮನೆಗೆ ಪಂಚಮಿಗೆ ಹೋಗಬೇಕೆಂಬ ಆಸೆ ಅವರಿಗೆ. ಮಗ ಕಾರು ಮಾಡಿಕೊಡುತ್ತೇನೆಂದರೂ, ಕರೆದೊಯ್ಯಲು ಬಂದಿದ್ದ ಕಾಕು ಒಪ್ಪಲಿಲ್ಲ. "ಕಾರ್ ಯಾಕ? ಆಕಿ ಬಸ್ಸಿನ್ಯಾಗ ಬರ್ತಾಳ. ನಾ ಇದ್ದೀನಲ್ಲ," ಎಂದರು. ನಾನೂ ಜೊತೆಗೆ ಸ್ಟ್ಯಾಂಡಿಗೆ ಹೋದೆ.

ಬಸ್ಸು ಹತ್ತುವ ಮುಂಚೆ ಮಾವಶಿ ಶೌಚಾಲಯಕ್ಕೆ ಹೋಗಬೇಕೆಂದರು. ಕಾಕು ಬಾಗಿಲವರೆಗೆ ಕೈಹಿಡಿದು ಕರೆದೊಯ್ದು, ಒಳಗೆ ಬರಲೇ ಎಂದರು. ಮಾವಶಿ ಬೇಡವೆಂದು ಕೈಯಾಡಿಸಿದರು. ಒಳಗಿನಿಂದ ಚಿಲಕ ಬಿದ್ದ ಸದ್ದಾಯಿತು. ನಾವಿಬ್ಬರೂ ಹೊರಗೆ, ಪರೀಕ್ಷೆಗೆ ಕೂತ ಮಗುವಿನ ತಾಯಂದಿರಂತೆ ನಿಂತೆವು. ಕಾಕು ನನ್ನ ಮೊಣಕೈ ಹಿಡಿದುಕೊಂಡಿದ್ದರು, ಹಿಡಿತ ಬಿಗಿಯಾಗಿತ್ತು.

ಬಾಗಿಲು ತೆರೆಯಿತು. ಮಾವಶಿಯ ಕಣ್ಣು ತುಂಬಿತ್ತು, ತುಟಿ ನಗುತ್ತಿತ್ತು.

"ಅಕ್ಕಾ, ನಾ ಒಬ್ಬಾಕಿನs ಹೋಗಿ ಬಂದೆ. ಯಾರೂ ಹಿಡೀಲಿಲ್ಲ."

ಒಂದೂವರೆ ವರ್ಷ ಎಲ್ಲದಕ್ಕೂ ಇನ್ನೊಬ್ಬರ ಭುಜ ಹಿಡಿದವರ ಮಾತು ಇದು. ಇದರ ಬೆಲೆ ಯಾವ ಟೆಂಡರಿನಲ್ಲಿ ಬರೆದಿರುತ್ತದೆ?

ಸಾಹೇಬರು ಹೊರಗೆ ಬಂದರು. ವಾಕರ್ ನೋಡಿ ಡ್ರೈವರನಿಗೆ ಕೂಗಿ, ಬಸ್ಸನ್ನು ಪ್ಲಾಟ್‌ಫಾರ್ಮಿನ ಕಟ್ಟೆಗೆ ತೀರಾ ಹತ್ತಿರ ನಿಲ್ಲಿಸಲು ಹೇಳಿದರು. ಮೆಟ್ಟಿಲಿನ ಎತ್ತರ ಅರ್ಧ ಕಡಿಮೆಯಾಯಿತು. ಮಾವಶಿ ಹತ್ತಿ ಕೂತರು. ಇಬ್ಬರೂ ಅಕ್ಕತಂಗಿಯರು ಕಿಟಕಿಯ ಪಕ್ಕ ಸೀಟು ಹಿಡಿದರು.

"ಆಜೀ, ಈಗ ಎಲ್ಲಾ ಛಂದ ಆತಲ್ಲ?" ಸಾಹೇಬರು ಕಿಟಕಿಯ ಕೆಳಗೆ ನಿಂತು ಕೇಳಿದರು. ಹೊಗಳಿಕೆಗೆ ಕಾದವರ ದನಿ.

ಕಾಕು ತಲೆ ಹೊರಗೆ ಹಾಕಿ ಸ್ಟ್ಯಾಂಡನ್ನೊಮ್ಮೆ ಈ ತುದಿಯಿಂದ ಆ ತುದಿಯವರೆಗೆ ನೋಡಿದರು. "ಛಂದ ಆಗೇದ್ರಿ. ಆದ್ರ ಆ ಬೆಂಚಿನ ಮ್ಯಾಲೆ ಮಧ್ಯಾಹ್ನ ಸುಡೂ ಬಿಸಿಲು ಬೀಳ್ತದ. ಆ ಕಡೆ ಒಂದು ತಗಡು..."

ಬಸ್ಸು ಹೊರಟಿತು. ಸಾಹೇಬರು ನಗುತ್ತ ಬೆಂಚಿನ ಕಡೆ ನಡೆದು, ಬಿಸಿಲು ಎಲ್ಲಿಂದ ಬರುತ್ತದೆಂದು ತಲೆಯೆತ್ತಿ ನೋಡತೊಡಗಿದರು.

ಅಂದಹಾಗೆ, ನಿಮ್ಮೂರಿನ ಬಸ್ ಸ್ಟ್ಯಾಂಡಿನಲ್ಲಿ ಸಾಹೇಬರ ಕ್ಯಾಬಿನ್ ಯಾವ ಕಡೆಗಿದೆ?